ನಾರುವ ಉಣ್ಣೆಯ ಸುಳ್ಳುಹುಳ

ಇವತ್ತು ಮಾಡಿದ ಕೆಲಸ ಇಷ್ಟು. ನಳದ ನೀರು ಬರುವ ಮೊದಲೇ ಎದ್ದು ಕೊಡ ತಿಕ್ಕಿಟ್ಟೆ. ಅಂಗಳ ಗುಡಿಸಿದೆ. ಮಾಸೂರಿನ ಕೆರೆಗೆ ಹೊರಟ ಅಳಿಯನಿಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಚಹಾ ಸೋಸುವ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಎಳೆಗಳನ್ನು ಪಿನ್ನಿನಿಂದ ಬಿಡಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ಎರಡು ಕೌದಿ ಒಗೆದೆ. ಕೊನೆಗೆ ಅಳಿಯನ ಕೋಣೆಯ ಕಸ ಹೊಡೆಯಲು ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಅವರ ಪಾಕೀಟುಗಳು ಕಂಡವು. ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಅಲ್ಲಿ ಕೂತೆ.

ಒಂದೊಂದೂ ಬೆರಳುದ್ದದ ಪಾಕೀಟು. ಒಳಗೆ ಗೊಂಬೆಯ ತಲೆಯಿಂದ ಕಿತ್ತಂತಿರುವ ಒಂದು ಚಿಟಿಕೆ ಪ್ಲಾಸ್ಟಿಕ್ ಕೂದಲು; ಹೊರಗೆ ಆ ಕೂದಲಿಗಿಂತ ಉದ್ದದ ಇಂಗ್ಲಿಷ್ ಹೆಸರು. ನನ್ನ ಅಳಿಯ ಹುಬ್ಬಳ್ಳಿಯವರು, ಮೀನು ಹಿಡಿಯುವ ಶೋಕಿ ಇದೆ. ಆದರೆ ಎರೆಹುಳ ಮುಟ್ಟುವುದಿಲ್ಲ. ಗಾಳಕ್ಕೆ ಈ ಕೂದಲು ಸುತ್ತಿ ಸುಳ್ಳು ಹುಳ ಕಟ್ಟುತ್ತಾರೆ. ಅದು ನೀರಿನ ಮೇಲೆ ತೇಲಬೇಕು, ಮೀನು ಅದನ್ನು ನೊಣವೆಂದು ನಂಬಬೇಕು. ಮೀನು ನಂಬುತ್ತದೋ ಇಲ್ಲವೋ, ಪಾಕೀಟಿನ ಮೇಲಿನ ಹೆಸರನ್ನು ಅಳಿಯ ಮಾತ್ರ ಪೂರ್ತಿ ನಂಬಿದ್ದಾರೆ.

ಮೊನ್ನೆ ನನ್ನ ಹತ್ತಿರ ಬಂದರು. "ಅತ್ತಿ, ಆರ್ಡರ್ ಮಾಡಿದ ಹೊಸಾ ಪಾಕೀಟು ಇನ್ನೂ ಬಂದಿಲ್ರಿ. ಅದರ ಬದ್ಲಿ ಇಲ್ಲೆ ಏನರ ಸಸ್ತಾದಾಗ ಸಿಗತದೇನ್ರಿ?"

"ಎಂಥಾದ್ದು ಬೇಕ್ರಿ ಅಳಿಯಾರ?"

"ಹೊಳಿಯೂದು ಒಂದು, ತೇಲೂದು ಒಂದು."

ಹೊಳೆಯುವುದಕ್ಕೆ ಹಳೆಯ ಕ್ಯಾಸೆಟ್ಟಿನೊಳಗಿನ ಟೇಪು ಎಳೆದುಕೊಟ್ಟೆ, ಹರಿದ ಸೀರೆಯ ಜರಿ ಬಿಚ್ಚಿಕೊಟ್ಟೆ. ಹುಳದ ಕಾಲಿಗೆ ಉಳ್ಳಾಗಡ್ಡಿ ಚೀಲದ ದಾರ. ಮೈಗೆ ಸವೆದ ಹವಾಯಿ ಚಪ್ಪಲಿಯ ತುಂಡು. ಎಲ್ಲದರ ಫೋಟೋ ತೆಗೆದುಕೊಂಡರು. ಹಿಂದಿನ ದಿನ ಗೊಟಗೋಡಿಯ ಶಿಲ್ಪವನಕ್ಕೆ ಹೋಗಿ ಸಿಮೆಂಟಿನ ಹಳ್ಳಿಯವರ ಪಕ್ಕ ನಿಂತು ತೆಗೆಸಿಕೊಂಡಿದ್ದರಲ್ಲ, ಅದೇ ಉತ್ಸಾಹ. ಒಂದನ್ನೂ ಕೈಯಿಂದ ಮುಟ್ಟಲಿಲ್ಲ.

ಕೊನೆಗೆ ಉಣ್ಣೆ ಕೊಟ್ಟೆ. ಹಿರೇಬೆಂಡಿಗೇರಿ ಕಡೆಯ ಕುರಿಯವರ ಹತ್ತಿರ ಇಸಿದುಕೊಂಡದ್ದು, ಕುರಿಯ ಹೊಟ್ಟೆಯ ಕೆಳಗಿನ ಹಸಿ ಉಣ್ಣೆ. ಅದನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ವಾಸನಿ ಐತಲ್ರೀ ಅತ್ತಿ" ಅಂದರು.

ಹಾಗೆ ಎತ್ತಿ ಹಿಡಿಯುವ ಎರಡು ಬೆರಳನ್ನು ನಾನು ಹಿಂದೊಮ್ಮೆ ನೋಡಿದ್ದೇನೆ.

ಆಗ ಸವಣೂರಿನ ಓಣಿಗಳಲ್ಲಿ ಹತ್ತಿ ಹಿಂಜುವ ಕಮಾನಿನ ಸದ್ದು ಇನ್ನೂ ಕೇಳುತ್ತಿತ್ತು. ನನ್ನಪ್ಪ ಹುಸೇನಸಾಬ ಪಿಂಜಾರ. ಗಾದಿ ತುಂಬುವುದು ನಮ್ಮ ಕಸುಬು. ಮಳೆಗಾಲದಲ್ಲಿ ಹತ್ತಿ ತೇವ ಹಿಡಿದು ಮುದ್ದೆಯಾಗುವುದರಿಂದ ಕಮಾನು ಗೋಡೆಗೆ ತೂಗಿ ನಿಲ್ಲುತ್ತಿತ್ತು. ಮಳೆ ಹಿಂದಾದ ಮೇಲೆ, ಕೆಲಸ ಶುರುವಾಗುವ ಮೊದಲು, ದಸರಾ ರಜೆಯಲ್ಲಿ ನಾವು ಮಾಸೂರಿನ ಚಿಗವ್ವನ ಮನೆಗೆ ಹೋಗುತ್ತಿದ್ದೆವು. ಮದಗದ ಕೆರೆ ತುಂಬಿ ನಿಂತಿರುತ್ತಿತ್ತು. ನಾವು ಹುಡುಗಿಯರು ಏರಿಯ ಮೇಲೆ ಆಣೆಕಲ್ಲು ಆಡುತ್ತ, ಕುದಿಸಿದ ಶೇಂಗಾ ತಿನ್ನುತ್ತ ಕೂತರೆ, ಅಪ್ಪ ಬಿದಿರ ಕೋಲು ಹಿಡಿದು ನೀರಿಗೆ ಇಳಿಯುತ್ತಿದ್ದ.

ಅಪ್ಪನಿಗೂ ಸುಳ್ಳುಹುಳ ಕಟ್ಟಲು ಬರುತ್ತಿತ್ತು. ಗಾದಿ ಹೊಲಿಯುವ ದಾರ, ಹುಂಜದ ಕುತ್ತಿಗೆಯ ಗರಿ, ಕುರಿಯ ಹಸಿ ಉಣ್ಣೆ. ಹುಟ್ಟಾ ಹತ್ತಿಯವನಾದರೂ ಹುಳಕ್ಕೆ ಹತ್ತಿ ಸೇರಿಸುತ್ತಿರಲಿಲ್ಲ. "ಹತ್ತಿ ನೀರು ಕುಡೀತದ, ಉಣ್ಣಿ ಕುಡ್ಯಾಂಗಿಲ್ಲ" ಎನ್ನುತ್ತಿದ್ದ. ಕಟ್ಟಿದ ಪ್ರತಿ ಹುಳವನ್ನೂ ಗಂಗಾಳದ ನೀರಿನಲ್ಲಿ ಬಿಟ್ಟು ತೇಲಿಸಿ ನೋಡುತ್ತಿದ್ದ.

ನನಗೆ ಹತ್ತು ವರ್ಷವಾಗಿದ್ದ ಆ ವರ್ಷ ಅಪ್ಪನ ಕೆಮ್ಮು ಜೋರಾಗಿತ್ತು. ಹತ್ತಿಯ ಧೂಳು ಎದೆಯಲ್ಲಿ ಕೂತಿದೆ, ಕಮಾನು ಬಿಡು ಎಂದು ಡಾಕ್ಟರು ಹೇಳಿದ್ದರು. ಬಿಟ್ಟು ಏನು ಮಾಡುವುದು? ಅವ್ವ ಅದನ್ನೇ ಕೇಳುತ್ತಿದ್ದಳು, ಅಪ್ಪ ಕೆಮ್ಮುತ್ತಿದ್ದ.

ಅದೇ ರಜೆಯಲ್ಲಿ ಹಾನಗಲ್ಲ ಕಡೆಯ ಸಣ್ಣ ಸಾವ್ಕಾರರು ಜೀಪಿನಲ್ಲಿ ಕೆರೆಗೆ ಬಂದರು. ಮುಂಬೈಯಲ್ಲಿ ಕಲಿತವರು. ತಗಡಿನ ಪೆಟ್ಟಿಗೆಯ ತುಂಬ ವಿಲಾಯತಿ ಹುಳಗಳು, ಬಣ್ಣಬಣ್ಣದವು, ಮಿಂಚುವಂಥವು. ಅವರು ಮೀನು ತಿನ್ನುವವರಲ್ಲ. ಹಿಡಿದು, ನೋಡಿ, ಮತ್ತೆ ನೀರಿಗೆ ಬಿಡುವವರು. ಅವ್ವನಿಗೆ ಇದು ತಿಳಿದ ದಿನ, "ತಿನ್ನಾಂಗಿಲ್ಲ ಅಂದಮ್ಯಾಲ ಅದರ ಬಾಯಿ ಯಾಕ ಹರೀತಾನ ಆ ಮನಷ್ಯಾ?" ಎಂದು ಬಯ್ದಳು. ಕೋಲು ಬೀಸಲು ಬಾರದ ಸಾವ್ಕಾರರು ಎಂಟು ದಿನದೊಳಗೆ ಅರ್ಧ ಪೆಟ್ಟಿಗೆ ಹುಳಗಳನ್ನು ಏರಿಯ ಜಾಲಿಗಿಡಗಳಿಗೆ ಅರ್ಪಿಸಿದರು. ಗಿಡಗಳೆಲ್ಲ ಮದುಮಗಳಂತೆ ಹೊಳೆಯುತ್ತಿದ್ದವು.

ಆಮೇಲೆ ಅವರಿಗೆ ಅಲ್ಲೇ ದಿನಾಲೂ ಮೀನು ಹಿಡಿಯುತ್ತಿದ್ದ ಅಪ್ಪನ ನೆನಪಾಯಿತು. ಅಪ್ಪ ಒಂದು ಹುಳ ತೋರಿಸಿದ. ಸಾವ್ಕಾರರು ಅದನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಮೂಗಿನ ಹತ್ತಿರ ತಂದರು.

"ಏ ಹುಸೇನಾ, ಕುರಿ ನಾರಿದಂಗ ನಾರತದಲ್ಲೋ ಇದು!" ಎಂದು ನೆಲಕ್ಕೆ ಬಿಟ್ಟರು.

"ನಾರಿದ್ರೂ ತೇಲತದ್ರಿ ಸಾವ್ಕಾರ್ರ" ಎಂದು ಅಪ್ಪ ಅದನ್ನು ಎತ್ತಿ ಟೊಪ್ಪಿಗೆಯ ಮಡಿಕೆಗೆ ಸಿಕ್ಕಿಸಿಕೊಂಡ.

"ಹೌದೇನು? ಐತವಾರಕ್ಕ ಒಂದು ಡಜನ್ ಕಟ್ಟಿ ತಾ. ತೇಲಿದ್ರ ನಾನೂ ನಮ್ಮ ಗೆಳ್ಯಾರೂ ವರ್ಷಾನಗಟ್ಟಲೆ ನಿನ್ನ ಕಡೆನ ಕಟ್ಟಿಸ್ತೇವಿ."

ಅಪ್ಪ ಅಂದು ಮನೆಗೆ ಬಂದ ರೀತಿ ನನಗೆ ನೆನಪಿದೆ. ಚಪ್ಪಲಿ ಬಿಡುವುದನ್ನೂ ಮರೆತು ಒಲೆಯ ತನಕ ನಡೆದು, "ಕುಂತ ಮಾಡೂ ಕೆಲಸ, ಧೂಳಿಲ್ಲ. ಇನ್ನ ಕಮಾನು ಕೆಳಗ ಇಳಸಾಂಗಿಲ್ಲ" ಅಂದ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂರು ದಿನ ಕೂತು ಅಪ್ಪ ಹನ್ನೆರಡು ಹುಳ ಕಟ್ಟಿದ. ಹನ್ನೆರಡೂ ಗಂಗಾಳದಲ್ಲಿ ತೇಲಿದವು.

ನನಗೆ ಮಾತ್ರ ಸಾವ್ಕಾರರ ಮೂಗೇ ಕಣ್ಣಮುಂದೆ. ಅವರು ಮತ್ತೆ ಹಾಗೆ ಮೂಗು ಮುರಿದರೆ, ಅಪ್ಪ ಮತ್ತೆ ನೆಲದಿಂದ ಎತ್ತಿಕೊಳ್ಳಬೇಕಾದರೆ? ಅಂದಿನ ಆ ಹುಡುಗಿಯ ಮೇಲೆ ಈಗಲೂ ನನಗೆ ಕರುಣೆ ಬರುವುದಿಲ್ಲ. ಜೀಪಿನವನ ಮೂಗು ದೊಡ್ಡದು, ಅಪ್ಪನ ಕೈ ಸಣ್ಣದು ಎಂದು ಲೆಕ್ಕ ಹಾಕಿದವಳು ಅವಳು. ಐತವಾರ ಮುಂಜಾನೆ ಅಪ್ಪ ಸ್ನಾನಕ್ಕೆ ಹೋದಾಗ ಹನ್ನೆರಡೂ ಹುಳಗಳನ್ನು ಬಟ್ಟೆಸೋಪಿನ ನೀರಿನಲ್ಲಿ ತಿಕ್ಕಿ ತೊಳೆದೆ. ಒಲೆಯ ಪಕ್ಕದಲ್ಲಿ ಒಣಗಿಸಿ, ಬೆರಳಿನಿಂದ ಬಿಡಿಸಿ ಉಬ್ಬಿಸಿದೆ. ಬೆಳ್ಳಗೆ, ಮೆತ್ತಗೆ, ಮೊಲದ ಮರಿಯಂತಾದವು. ಚಿಗವ್ವನ ಅತ್ತರಿನ ಒಂದು ಅರಳೆಯನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಿದೆ.

ಅಪ್ಪ ಡಬ್ಬಿ ತೆರೆದು ನೋಡದೆ ಒಯ್ದ. ನಾನೂ ಹಿಂದೆ ಹೋದೆ.

"ಅರೆ, ಅತ್ತರ್!" ಸಾವ್ಕಾರರು ನಕ್ಕರು. "ಮೀನಿನ ಮದವಿ ಐತೇನೋ?" ಅಪ್ಪ ಏನೂ ತಿಳಿಯದೆ ನಿಂತಿದ್ದ. ಮೊದಲ ಹುಳ ನೀರಿಗೆ ಬಿತ್ತು. ಒಂದು ಉಸಿರಿನಷ್ಟು ಹೊತ್ತು ನಿಂತಿತು, ಮುಳುಗಿತು. ಎರಡನೆಯದು ಮುಳುಗಿತು. ಮೂರನೆಯದನ್ನು ಅಪ್ಪನೇ ಹಗುರಾಗಿ ಕೈಯಿಂದ ನೀರಿನ ಮೇಲೆ ಇಟ್ಟ. ಅದೂ ಮುಳುಗಿತು.

"ಪಿಂಜಾರ ಕಡೀಕೂ ಗಾದಿನ ಮಾಡ್ಯಾನ ನೋಡ್ರಿ," ಎಂದು ಸಾವ್ಕಾರರು ಜೊತೆಗೆ ಬಂದಿದ್ದ ಗೆಳೆಯನಿಗೆ ಹೇಳಿದರು. "ನೀರು ಕುಡದು ಮಕ್ಕೊಂಡತು." ಆ ಗೆಳೆಯ ನಗಬೇಕಾದ್ದಕ್ಕಿಂತ ಹೆಚ್ಚು ನಕ್ಕ.

ಅಪ್ಪ ಡಬ್ಬಿಯಿಂದ ಒಂದು ಹುಳ ತೆಗೆದು ಬೆರಳಲ್ಲಿ ಹೊಸಕಿದ. ಜಿಡ್ಡು ಹತ್ತಲಿಲ್ಲ. ಮೂಸಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಕೈಗಳನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡೆ.

"ಉಣ್ಣಿ ಚಲೋದ ಇರ್ಲಿಲ್ರಿ ಸಾವ್ಕಾರ್ರ," ಅಂದ ಅಪ್ಪ. "ನಂದ ತಪ್ಪು."

ಜೀಪು ಹೋಯಿತು. ಧೂಳು ಕೂರುವ ತನಕ ಅಪ್ಪ ಕೆಮ್ಮಿದ. ನಾನು ಅಳುತ್ತ, "ನಾರತಿತ್ತಪಾ, ಅದಕ್ಕ ತೊಳದೆ" ಅಂದೆ.

"ನಾರೂದಾ ಅದನ್ನ ತೇಲಸತಿತ್ತಬೇ ಯವ್ವಾ. ಕುರಿ ಮಳ್ಯಾಗ ತೋಯ್ಸಿಕೊಂಡ್ರೂ ನಡಗಾಂಗಿಲ್ಲ, ಯಾಕ ಹೇಳು? ಅದರ ಮೈ ಜಿಡ್ಡು ಅದಕ್ಕ ಛತ್ರಿ."

ಟೊಪ್ಪಿಗೆಯ ಮಡಿಕೆಯಲ್ಲಿ ಅವರು ನೆಲಕ್ಕೆ ಬಿಟ್ಟ ಹುಳ ಇನ್ನೂ ಇತ್ತು. ಅದನ್ನು ಕೋಲಿಗೆ ಕಟ್ಟಿ ಬೀಸಿದ. ಅದು ನೀರಿನ ಮೇಲೆ ಕೂತೇ ಇತ್ತು. ನೀರು ಸೀಳಿ ಒಂದು ಮುರಲ್ ಮೀನು ಎದ್ದು ಅದನ್ನು ನುಂಗಿತು, ಮೊಣಕೈಯುದ್ದದ್ದು.

"ಸಾವ್ಕಾರ್ರನ್ನ ಕರಕೊಂಡ ಬರ್ಲೇನಪಾ?"

"ಬ್ಯಾಡ. ಮೀನಿಗೆ ತಿಳೀತು, ಸಾಕ."

ಸವಣೂರಿಗೆ ಬಂದ ಮೇಲೆ ಅಪ್ಪ ಕಮಾನು ಕೆಳಗಿಳಿಸಿದ. ಇನ್ನೂ ನಾಲ್ಕು ಚಳಿಗಾಲ ಹಿಂಜಿದ. ಐದನೆಯದಕ್ಕೆ ಇರಲಿಲ್ಲ. ಅವ್ವನಿಗೂ ಯಾರು ತೊಳೆದದ್ದೆಂದು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ, ನನ್ನ ಮಗಳು ಶಬಾನಾಗೂ ಹೇಳಿಲ್ಲ. ಈಗ ಓಣಿಯಲ್ಲಿ ಕಮಾನಿಲ್ಲ, ಹಾಸಿಗೆಯಲ್ಲಿ ಹತ್ತಿಯಿಲ್ಲ, ಎಲ್ಲ ಫೋಮು. ಹೆಸರು ಬರೆದ ಪಾಕೀಟುಗಳು ಸಾಕಷ್ಟಿವೆ. ಬೆರಳಲ್ಲಿ ಹೊಸಕಿ ಜಿಡ್ಡು ನೋಡುವವರು ಇಲ್ಲ.

ಸಂಜೆಗೆ ಅಳಿಯ ಬರಿಗೈಲಿ ಬಂದರು.

"ಅತ್ತಿ, ನಿಮ್ಮ ಉಣ್ಣಿ ಹುಳ ಕಟ್ಟಿದ್ದೆ, ಎಲ್ಲಾ ಮುಳುಗಿಬಿಟ್ಟವ್ರಿ. ಕಂಪನಿ ಮಾಲಂದ್ರ ಕಂಪನಿ ಮಾಲ."

ಶಬಾನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ಚಹಾ ಜಾಲರಿಯಿಂದ ನಾನು ಬಿಡಿಸಿದ ಎಳೆಗಳಿಗೆ ಶಾಂಪೂವಿನ ವಾಸನೆ ಇತ್ತು. ಈಗ ತಿಳಿಯಿತು, ನಿನ್ನೆ ಸಂಜೆ ಇವಳು ಉಣ್ಣೆ ತೊಳೆದು ಅದರಲ್ಲೇ ಸೋಸಿ ತೆಗೆದಿದ್ದಾಳೆ. ಗಂಡನ ಮೂಗಿನ ಮುಂದೆ ತನ್ನ ಅವ್ವ ನಾರಬಾರದೆಂದು. ನಾನು ಅವಳನ್ನು ನೋಡಿದೆ. ಅವಳು ಕೈಗಳನ್ನು ಓಢಣಿಯೊಳಗೆ ಎಳೆದುಕೊಂಡಳು.

"ಉಣ್ಣಿ ಚಲೋದ ಇರ್ಲಿಲ್ರಿ ಅಳಿಯಾರ," ಅಂದೆ.

ರಾತ್ರಿ ಉಂಡದ್ದು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಮೀನಿಗೆಂದು ಅರೆದಿಟ್ಟ ಖಾರ ಬಟ್ಟಲಲ್ಲೇ ಉಳಿಯಿತು. ಮೊದಲು ಮಲಗಿದವರು ಅಳಿಯ. ಶಬಾನಾ ಜಾಲರಿಯನ್ನು ಮತ್ತೊಮ್ಮೆ ತಿಕ್ಕಿ, ಗೋಡೆಯ ಮೊಳೆಗೆ ತೂಗಿಹಾಕಿ, ಆಮೇಲೆ ಮಲಗಿದಳು.