ಹೆಣ್ಣಿಲ್ಲದ ಬಾಟಲಿ

ಕಾಲೇಜಿನ ಹಿಂಬದಿಯಲ್ಲಿ, ಕಾರಿಡಾರ್ ಮುಗಿಯುವಲ್ಲಿ ಒಂದು ಕೋಣೆ. ಇರುವುದೊಂದೇ ಕಿಟಕಿ, ಅದಕ್ಕೂ ಬಲೆ. ಕಬ್ಬಿಣದ ಕಪಾಟುಗಳ ತುಂಬ ಬಾಯಿಗೆ ಹತ್ತಿ ತುರುಕಿದ ಬಾಟಲಿಗಳು, ಬಾಟಲಿಗಳ ತುಂಬ ನೊಣಗಳು. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಅದೇ ಪುಟ್ಟ ಜಾತಿ. ಇಪ್ಪತ್ತೆರಡು ವರ್ಷಗಳಿಂದ ಅವುಗಳನ್ನು ಸಾಕುತ್ತಿರುವ ಅಟೆಂಡರ್ ಹೆಂಗಸಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ನೊಣದಕ್ಕ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಅದನ್ನು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಬಂದು ಒಲೆ ಹಚ್ಚುತ್ತಾಳೆ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟು, ಗಟ್ಟಿಯಾಗಲು ಅಗರ್, ಬೂಸ್ಟು ಹಿಡಿಯದಿರಲು ನಾಲ್ಕು ಹನಿ ಔಷಧ. ಗಂಟಾಗದಂತೆ ತಿರುವುತ್ತ ನಿಂತಾಗ ಅವಳ ಮುಖ ನೋಡಬೇಕು. ಮೊದಲ ಮಗುವಿಗೆ ಗಂಜಿ ಕಾಸುವ ತಾಯಿಯ ಮುಖ. ಬಸ್ ಓಡಿಸುವ ಗಂಡನಿಗೆ ಇದೇ ಹೊಟ್ಟೆಯುರಿ.

"ನಂಗೆ ಒಂದಿನ ಇಷ್ಟು ಮನಸ್ಸಿಟ್ಟು ಮಾಡಿಹಾಕಿದ್ದೀಯೇನೆ?"

"ನೀವೇನು ಹನ್ನೆರಡು ದಿನಕ್ಕೆ ನೂರು ಮಕ್ಕಳನ್ನ ತಂದು ತೋರಿಸ್ತೀರಾ?"

ಒಮ್ಮೆ ಬಸ್ ನಿಲ್ಲಿಸಿ ಅವನು ಫೋನ್ ಮಾಡಿ ಎಲ್ಲಿದ್ದೀಯ ಎಂದು ಕೇಳಿದ್ದಕ್ಕೆ, "ತಾಳ್ರೀ, ಕನ್ಯೆ ನೋಡ್ತಿದ್ದೀನಿ" ಎಂದಿದ್ದಳು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಪ್ರಯಾಣಿಕರೆಲ್ಲ ಹುಡುಗ ಯಾರೆಂದು ವಿಚಾರಿಸಿದರಂತೆ. ಅವಳು ಹೇಳಿದ್ದು ಅಪ್ಪಟ ನಿಜ. ಹೆಣ್ಣು ನೊಣ ಒಮ್ಮೆ ಗಂಡಿನೊಡನೆ ಕೂಡಿತೆಂದರೆ ಅವನ ಬೀಜವನ್ನು ದಿನಗಟ್ಟಲೆ ಒಡಲಲ್ಲಿಟ್ಟುಕೊಳ್ಳುತ್ತದೆ. ಮಕ್ಕಳ ತಂದೆ ಯಾರೆಂದು ಖಚಿತವಾಗಿ ಗೊತ್ತಿರಬೇಕಾದರೆ, ಹೆಣ್ಣು ಗೂಡೊಡೆದು ಹೊರಬಂದ ಎಂಟು ಗಂಟೆಯೊಳಗೆ ಅದನ್ನು ಬೇರೆ ಮಾಡಬೇಕು. ಹಾಗೆ ಬೇರೆ ಮಾಡಿದ್ದೇ ಕನ್ಯೆ.

ಗೋಡೆಯಾಚೆಯ ಪಾಠ ಕೇಳುತ್ತಲೇ ಅವಳು ಅನುವಂಶೀಯತೆಯನ್ನು ಕಲಿತದ್ದು. ತರಗತಿಯಲ್ಲಿ ಅರ್ಥವಾಗದವರು ಅವಳ ಬಳಿ ಬರುತ್ತಾರೆ.

"ವರ್ಣತಂತು ಅಂದ್ರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅನ್ಕೊಳ್ರೇ. ನೊಣಕ್ಕೆ ನಾಲ್ಕೇ ಜೋಡಿ. ಮೈ ಬೆಳೆಯುವಾಗ ಒಂದು ಕೋಶ ಎರಡಾಗುತ್ತಲ್ಲ, ಆಗ ಪ್ರತಿ ಚಪ್ಪಲಿಗೂ ಒಂದು ನಕಲು ಮಾಡಿ, ಎರಡು ಮನೆಗೂ ನಾಲ್ಕು ನಾಲ್ಕು ಜೋಡಿ ಹಂಚೋದು. ಆದ್ರೆ ಮೊಟ್ಟೆಗೆ, ಗಂಡಿನ ಬೀಜಕ್ಕೆ ಹಂಗಲ್ಲ. ಪ್ರತಿ ಜೋಡೀಲೂ ಒಂದೊಂದೇ. ಅಪ್ಪನದು ಒಂದು, ಅಮ್ಮನದು ಒಂದು ಸೇರಿದ್ರೆ ಮತ್ತೆ ಜೋಡಿ."

"ಗಂಡಿಗೆ ಒಂದು ಜೋಡಿ ಬೇರೆ ಥರ ಅಂತಾರಲ್ಲಕ್ಕ?"

"ಹೂಂ. ಒಂದು ಎಕ್ಸ್, ಇನ್ನೊಂದು ವೈ. ಕಣ್ಣಿನ ಬಣ್ಣ ಎಕ್ಸ್ ಮೇಲಿದೆ. ಮಗನಿಗೆ ಅಪ್ಪ ಕೊಡೋದು ವೈ ಮಾತ್ರ, ಹಂಗಾಗಿ ಕಣ್ಣು ಅಮ್ಮನದೇ. ಬಿಳಿಗಣ್ಣಿನ ಅಮ್ಮ, ಕೆಂಪುಗಣ್ಣಿನ ಅಪ್ಪ ಆದ್ರೆ ಗಂಡುಮಕ್ಕಳೆಲ್ಲ ಬಿಳಿ. ಹೆಣ್ಣುಮಕ್ಕಳಿಗೆ ಅಪ್ಪನ ಕೆಂಪೂ ಬರುತ್ತೆ, ಕೆಂಪೇ ಗೆಲ್ಲುತ್ತೆ."

ಈ ವರ್ಷ ಹೊಸ ಮೇಷ್ಟ್ರು ಬಂದರು. ಗಿಡಗಳ ಮೇಲೆ ಓದಿ ದೊಡ್ಡ ಪದವಿ ಪಡೆದವರು. ನೊಣವನ್ನು ಓಡಿಸಿ ಮಾತ್ರ ಗೊತ್ತು. ಅಂತಿಮ ಪ್ರಾಯೋಗಿಕ ಪರೀಕ್ಷೆಗೆ ಇದೇ ಬಿಳಿಗಣ್ಣಿನ ತಾಯಿ, ಕೆಂಪುಗಣ್ಣಿನ ತಂದೆಯ ಮಕ್ಕಳನ್ನು ಎಣಿಸಲು ಕೊಡುವುದೆಂದು ನಿಶ್ಚಯಿಸಿದರು. ಜೋಡಿ ಕೂಡಿಸಲು ನೊಣದಕ್ಕ ನೊಣ ಆರಿಸುವ ಕುಂಚ ಎತ್ತಿಕೊಂಡರೆ, "ಇದು ಪರೀಕ್ಷೆ ವಿಷಯ, ನೀವು ಆಹಾರ ಮಾಡ್ಕೊಡಿ ಸಾಕು" ಎಂದು ಬಾಗಿಲು ಹಾಕಿಕೊಂಡರು. ಆರು ಬಾಟಲಿ ಸಿದ್ಧಮಾಡಿ, ಹತ್ತಿಯ ಮೇಲೆ ಕಾಗದ ಅಂಟಿಸಿ, ಸಹಿ ಹಾಕಿ ಕಪಾಟಿನಲ್ಲಿಟ್ಟರು.

ಆರನೆಯ ದಿನವಾದರೂ ಬಾಟಲಿಯಲ್ಲಿ ಒಂದೂ ಮರಿಹುಳ ಕಾಣಲಿಲ್ಲ. ಆಹಾರದ ಮೈ ಈಗತಾನೇ ಸಾರಿಸಿದ ನೆಲದಂತೆ ನುಣ್ಣಗಿತ್ತು. ಪರೀಕ್ಷೆಗೆ ಉಳಿದದ್ದು ಹದಿನೈದೇ ದಿನ.

"ಔಷಧ ಜಾಸ್ತಿ ಹಾಕಿದ್ದೀರಿ. ಮೊಟ್ಟೆಗಳೆಲ್ಲ ಸತ್ತಿವೆ" ಎಂದರು ಮೇಷ್ಟ್ರು.

"ಅದೇ ಪಾತ್ರೆಯದನ್ನೇ ಪಕ್ಕದ ಬಾಟಲಿಗೂ ಹಾಕಿದ್ದು ಸಾರ್. ಅಲ್ಲಿ ನೋಡಿ, ಹುಳ ಹೆಂಗೆ ಈಜ್ತಿವೆ."

"ವಾದ ಬೇಡ."

ಮಧ್ಯಾಹ್ನದ ಹೊತ್ತಿಗೆ ಅವರ ಪತ್ರ ಆಫೀಸು ಸೇರಿತ್ತು: ಇವರನ್ನು ಉಗ್ರಾಣಕ್ಕೆ ವರ್ಗಾಯಿಸುವುದು, ನೊಣದ ಕೋಣೆಗೆ ಬೇರೆಯವರನ್ನು ಕೊಡುವುದು. ಉಗ್ರಾಣದಲ್ಲಿರುವುದು ಮುರಿದ ಬೆಂಚು, ಹಳೆಯ ಉತ್ತರಪತ್ರಿಕೆ. ಅಲ್ಲಿ ಉಸಿರಾಡುವಂಥದ್ದು ಒಂದೂ ಇಲ್ಲ. ನೊಣದಕ್ಕ ಕಪಾಟಿನ ಬಾಟಲಿಗಳನ್ನೊಮ್ಮೆ ನೋಡಿದಳು. ಇಪ್ಪತ್ತೆರಡು ವರ್ಷ ಎಂದರೆ ನೊಣಗಳ ಲೆಕ್ಕದಲ್ಲಿ ಆರುನೂರಕ್ಕೂ ಮೇಲೆ ತಲೆಮಾರು. ಯಾವ ಬಾಣಂತಿಯೂ ಅವಳ ಅಡುಗೆಯ ಮೇಲೆ ದೂರು ಹೇಳಿರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ವಿಭಾಗದ ಮುಖ್ಯಸ್ಥೆಯ ಬಳಿ ಹೋದಳು.

"ಮೇಡಂ, ಒಂದೇ ಒಂದು ಬಾಟಲಿ ತೆಗೆದು ನೋಡಿ. ನನ್ನ ತಪ್ಪಿದ್ರೆ ಉಗ್ರಾಣದ ಕೀ ನಾನೇ ಹೋಗಿ ಇಸ್ಕೋತೀನಿ."

ಮುಖ್ಯಸ್ಥೆ ಮೇಷ್ಟ್ರನ್ನೂ ಕರೆದುಕೊಂಡು ಬಂದರು. ಸಹಿಯ ಕಾಗದ ಹರಿದರು. ಈಥರ್ ವಾಸನೆ ತೋರಿಸಿ ನೊಣಗಳನ್ನು ನಿದ್ದೆಗೆ ಕೆಡವಿ, ಬಿಳಿಯ ತಟ್ಟೆಯ ಮೇಲೆ ಸುರಿದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ. ಭುಜ ಮಾತ್ರ ಕುಲುಕತೊಡಗಿತು.

"ನೀನೇ ನೋಡಮ್ಮ" ಎಂದು ಜಾಗ ಬಿಟ್ಟುಕೊಟ್ಟರು.

ನೊಣದಕ್ಕ ನೋಡಿದಳು. ಹತ್ತು ನೊಣ, ಹತ್ತಕ್ಕೂ ಬಾಲದ ತುದಿ ಕಪ್ಪು, ಹತ್ತಕ್ಕೂ ಮುಂಗಾಲಿನಲ್ಲಿ ಗಂಡಿಗಷ್ಟೇ ಇರುವ, ಪುಟ್ಟ ಬಾಚಣಿಗೆಯಂಥ ಕೂದಲಸಾಲು.

"ಅಯ್ಯೋ ಸಾರ್! ಬರೀ ಗಂಡಸರ ಹಾಸ್ಟೆಲ್ ಮಾಡಿ ತೊಟ್ಟಿಲು ಕಟ್ಕೊಂಡು ಕೂತಿದ್ದೀರಲ್ಲ!"

ಮೇಷ್ಟ್ರ ಕಿವಿ ಕೆಂಪಾಯಿತು. "ಪುಸ್ತಕದಲ್ಲಿ ಗಂಡಿನ ಬಾಲ ಕಪ್ಪು ಅಂತಿದೆ. ಈಗತಾನೇ ಹುಟ್ಟಿದ ಬಿಳಿಗಣ್ಣಿನವುಗಳಲ್ಲಿ ಒಂದಕ್ಕೂ ಕಪ್ಪಿರಲಿಲ್ಲ. ಹಾಗಾಗಿ ಚಿಕ್ಕದಾಗಿ, ನಾಜೂಕಾಗಿ ಇದ್ದವನ್ನ ಹೆಣ್ಣು ಅಂತ..."

"ಹುಟ್ಟಿದ ತಕ್ಷಣ ಎಲ್ಲವೂ ಬಿಳಿಚಿಕೊಂಡೇ ಇರ್ತವೆ ಸಾರ್, ಕಪ್ಪು ಬರೋದು ಆಮೇಲೆ. ಇನ್ನು ಈ ಜಾತೀಲಿ ನಾಜೂಕಾಗಿರೋದು ಗಂಡು. ಹೆಣ್ಣು ದಪ್ಪ, ನನ್ನ ಹಂಗೆ."

ಮಿಕ್ಕ ಐದು ಬಾಟಲಿಗಳ ಕತೆಯೂ ಅದೇ. ಅರವತ್ತು ಬ್ರಹ್ಮಚಾರಿಗಳು ಅವಳ ಅಡುಗೆ ಉಂಡು ಆರಾಮವಾಗಿದ್ದರು.

ನಗು ಮುಗಿದ ಮೇಲೆ ಮೇಷ್ಟ್ರು ಬೆಂಚಿನ ಮೇಲೆ ಕುಸಿದದ್ದು ನೊಣದಕ್ಕನ ಕಣ್ಣಿಗೆ ಬಿತ್ತು. "ನಲವತ್ತು ಮಕ್ಕಳ ಪರೀಕ್ಷೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅವಳಿಗೆ ಬೈಯಲು ಇದ್ದ ಮಾತೆಲ್ಲ ಅಲ್ಲೇ ಕರಗಿತು.

"ನಾನು ಮೊದಲ ಸಲ ಬರೀ ಹೆಣ್ಣೇ ತುಂಬಿದ್ದೆ ಸಾರ್. ಕನ್ಯೆ ಹುಡುಕೋಕೆ ಎರಡು ದಿನ, ಸಂಸಾರಕ್ಕೆ ಹನ್ನೆರಡು ದಿನ. ಒಂದು ದಿನ ಮಿಗುತ್ತೆ. ನಾಳೆ ಏಳಕ್ಕೆ ಬನ್ನಿ, ತಿಂಡಿ ತಿಂದ್ಕೊಂಡು ಬನ್ನಿ."

ಮೇಷ್ಟ್ರು ಆರೂಮುಕ್ಕಾಲಿಗೇ ಬಂದು ಬಾಗಿಲಲ್ಲಿ ನಿಂತಿದ್ದರು. ಪರೀಕ್ಷೆಯ ದಿನ ನಲವತ್ತು ಮಕ್ಕಳೂ ಎಣಿಸಿದರು: ಗಂಡೆಲ್ಲ ಬಿಳಿಗಣ್ಣು, ಹೆಣ್ಣೆಲ್ಲ ಕೆಂಪುಗಣ್ಣು.

ಸಂಜೆ ಮುಖ್ಯಸ್ಥೆ ಒಂದು ಬಿಳಿ ಹಾಳೆಯನ್ನು ಮೇಷ್ಟ್ರ ಮುಂದಿಟ್ಟರು. ವರ್ಗಾವಣೆಯ ಪತ್ರವನ್ನು ಹಿಂದೆ ಪಡೆಯಲು ಆಫೀಸಿಗೆ ಕಾರಣ ಬೇಕಂತೆ. ಮೇಷ್ಟ್ರು ಪೆನ್ನು ಹಿಡಿದು, "ಬಾಟಲಿಯಲ್ಲಿ ಹೆಣ್ಣು ಇಲ್ಲದಿದ್ದುದರಿಂದ" ಎಂದು ಶುರುಮಾಡಿದರು.

"ಹಂಗೆ ಬರೀಬೇಡಿ ಸಾರ್" ಎಂದು ನೊಣದಕ್ಕ ಹೌಹಾರಿದಳು. "ಆಫೀಸಿನವರು ನಿಮ್ಮ ಬಗ್ಗೆ ಬೇರೇನೋ ತಿಳ್ಕೊಂಡುಬಿಡ್ತಾರೆ."

ಮೇಷ್ಟ್ರು ಆ ಸಾಲನ್ನು ಹೊಡೆದುಹಾಕಿ, ಸ್ವಲ್ಪ ಯೋಚಿಸಿ, ಕೆಳಗೆ ಬರೆದರು: ತಪ್ಪು ನನ್ನದು, ಇವರಿಲ್ಲದೆ ನನಗೆ ಈ ಕೋಣೆಯಲ್ಲಿ ಕೆಲಸ ಮಾಡಲು ಬರುವುದಿಲ್ಲ.