ಒಂದೇ ಕಿಕ್ಕಿನ ಗಾಡಿ

ನನ್ನ ಬೈಕು ಹೊಸದು, ರೂಪ ಮಾತ್ರ ಹಳೇ ಕಾಲದ್ದು. ಅದಕ್ಕೇ ಧುಪದಾಳದ ಚಹಾದಂಗಡಿಯಲ್ಲಿ ದಿನಾ ಸಿಗುವ ಹಿರಿಯರೊಬ್ಬರಿಗೆ ನನ್ನ ಮೇಲೆ ತಾತ್ಸಾರ. ಅವರದು ಅಪ್ಪನ ಕಾಲದ ಬೈಕು.

"ತಮ್ಮಾ, ಬಟನ್ ಒತ್ತಿ ಚಾಲೂ ಮಾಡಾಕ ಇದೇನು ಮಿಕ್ಸರ್ ಏನು? ಖರೇ ಗಾಡಿಗಿ ಕಿಕ್ ಹೊಡೀಬೇಕು," ಎನ್ನುತ್ತಿದ್ದರು.

ಅವರ ಗಾಡಿ ಮಳೆಗಾಲದ ಮುಂಜಾನೆಯಲ್ಲೂ ಒಂದೇ ಕಿಕ್ಕಿಗೆ ಗುಡುಗುತ್ತಿತ್ತು. ಅಷ್ಟು ಹಳೆಯ ಎಂಜಿನ್ನು ಅಷ್ಟೊಂದು ಮಾತು ಕೇಳುತ್ತದೆಂದರೆ ನಾನು ನಂಬುವವನಲ್ಲ. ಕಿಕ್ ಹೊಡೆಯುವಾಗಲೆಲ್ಲ ಅವರ ಎಡಗೈ ಸೀಟಿನ ಕೆಳಗೆ ಏನು ತಡಕುತ್ತದೆ? ಈ ಅನುಮಾನ ಹುಟ್ಟಿದ ದಿನದಿಂದ ಆ ಕೈಯ ಮೇಲೇ ಕಣ್ಣಿಟ್ಟೆ.

ಮೊನ್ನೆ ಸಂಕೇಶ್ವರಕ್ಕೆ ಹೊರಟವರು ಯಾರೊಂದಿಗೋ ಹರಟುತ್ತಲೇ ಗಾಡಿ ಹತ್ತಿದರು. ಎಡಗೈ ಸೀಟಿನ ಕೆಳಗಿಳಿಯಿತು. ಎಂಜಿನ್ನು ಗುಡುಗಿತು. ಎರಡೂ ಕಾಲು ಇನ್ನೂ ನೆಲದ ಮೇಲೇ ಇದ್ದವು.

"ಕಾಕಾ," ಎಂದೆ, "ಕಿಕ್ ಹೊಡಿಯೂದ ಮರತ ಬಿಟ್ರಲ್ರಿ."