ಹಸಿರು ಎಂದು ಬರೆದ ಕಂಪೌಂಡರು

ಅವರ ಹೆಬ್ಬೆರಳು, ತೋರುಬೆರಳುಗಳ ತುದಿ ಸುಟ್ಟು ಒರಟಾಗಿ, ಉಗುರು ಹಳದಿಗಟ್ಟಿತ್ತು. ಗಾಜಿನ ಟ್ಯೂಬನ್ನು ಇಕ್ಕಳವಿಲ್ಲದೆ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಸುತ್ತಿದ್ದರು. ಸಾಗರದ ಡಾಕ್ಟರೊಬ್ಬರ ಬಳಿ ಕಂಪೌಂಡರು. ಎಪ್ಪತ್ತರ ದಶಕದ ಕೊನೆಗೆ, ನನ್ನ ಹತ್ತನೇ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಬಂದಾಗಿನಿಂದ ವಾರಕ್ಕೆರಡು ಸಲ ನನ್ನ ಮೂತ್ರ ಪರೀಕ್ಷಿಸಿದವರು ಅವರೇ. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿಯೇ. ಸ್ವಲ್ಪ ಇದ್ದರೆ ಹಸಿರು. ವಿಪರೀತವಾದರೆ ಇಟ್ಟಿಗೆ ಬಣ್ಣ. ಅದರ ಮೇಲೆ ಡಾಕ್ಟರು ಇನ್ಸುಲಿನ್ ಅಳತೆ ಹೇಳುತ್ತಿದ್ದರು.

ಬಣ್ಣವನ್ನು ಕಂಪೌಂಡರು ತಾವು ಹೇಳುತ್ತಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಕೇಳುವಂತೆ ನಮ್ಮಿಂದಲೇ ಹೇಳಿಸುತ್ತಿದ್ದರು.

"ಎಂತ ಬಣ್ಣ? ಜೋರಾಗಿ ಹೇಳು."

"ಇಟ್ಟಿಗೆ."

"ಮದುವೆ ಮನೇಲಿ ಎಷ್ಟು ಹೋಳಿಗೆ ಬಾರಿಸ್ದೆ ಮಾರಾಯ್ತಿ? ಸಾಯೋಕೆ ಇಷ್ಟು ಅವಸರ ಇದ್ರೆ ಸೂಜಿ ಯಾಕೆ ಹಾಳು ಮಾಡ್ತೀಯ?"

ಬೆಂಚು ನಗುತ್ತಿತ್ತು.

ನಾನೋ ಚರ್ಚಾಸ್ಪರ್ಧೆಯ ಹುಡುಗಿ. ಎದುರಾಳಿಯ ಸಡಿಲು ಎಲ್ಲಿದೆಯೆಂದು ಹುಡುಕುವುದೇ ಚಟ. ಹದಿನಾಲ್ಕರಲ್ಲಿ ಒಂದು ದಿನ, ಅವಮಾನ ತಡೆಯಲಾರದೆ, ಇಟ್ಟಿಗೆ ಬಣ್ಣವನ್ನು "ಹಸಿರು" ಎಂದೆ. ಅವರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಹಸಿರು ಎಂದೇ ಬರೆದುಕೊಂಡರು. ಹಸಿರು, ಕೆಂಪು ಅವರ ಕಣ್ಣಿಗೆ ಒಂದೇ! ತಿಂಗಳಿಡೀ ಹಸಿರು ಎಂದೆ, ಸಿಹಿ ತಿಂದೆ. ಕೊನೆಗೆ ವಾಂತಿಯಾಗಿ ಎಚ್ಚರ ತಪ್ಪಿ ಬಿದ್ದೆ.

ಉಳಿದೆ. ಡಾಕ್ಟರು ಪುಸ್ತಕ ತೆರೆದು, "ಎಲ್ಲ ಹಸಿರೇ ಇದ್ಯಲ್ರೀ?" ಎಂದಾಗ ಅಪ್ಪ ನನ್ನ ಮುಖ ನೋಡಿದರು.

"ಬರೆದವರನ್ನ ಕೇಳಿ. ಅವರಿಗೆ ಬಣ್ಣ ಕಾಣಲ್ಲ" ಎಂದೆ.

ಡಾಕ್ಟರು ಅವರನ್ನು ಕರೆಸಿ, ಕೆಂಪು ಯಾವುದೆಂದು ಕೇಳಿ, ಎರಡು ಶೀಶೆಗಳ ಮುಚ್ಚಳ ಎತ್ತಿ ಹಿಡಿದರು, ಒಂದು ಹಸಿರು, ಒಂದು ಕೆಂಪು. ಕಂಪೌಂಡರು ಅವೆರಡನ್ನೂ ನೋಡಿದರು, ನನ್ನನ್ನೂ ನೋಡಿದರು. ಬಣ್ಣ ಹೇಳಿದ್ದು ಇವಳೇ ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ಅವತ್ತೇ ಅವರ ಕೆಲಸ ಹೋಯಿತು.

ಇನ್ನು ಪರೀಕ್ಷೆಗೆ ಶಿವಮೊಗ್ಗದಿಂದ ಮೂತ್ರದಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿ ತರಿಸೋಣವೇ ಎಂದು ಅಪ್ಪ ಯೋಚಿಸುತ್ತಿರುವಾಗ ಕಂಪೌಂಡರೇ ಮನೆಗೆ ಬಂದರು. ಚೀಲದಲ್ಲಿ ದೀಪ, ಟ್ಯೂಬು, ನೀಲಿ ಶೀಶೆ. ಅಪ್ಪ ಒಳಗೆ ಕರೆಯಲಿಲ್ಲ.

"ಪಟ್ಟಿ ಬೇಡ ಸ್ವಾಮಿ. ನಮ್ಮ ಮಳೆಗಾಲದ ಥಂಡಿಗೆ ಕೆಟ್ಟು ಸುಳ್ಳು ಹೇಳ್ತಾವೆ. ಸುಳ್ಳು ಹೇಳೋಕೆ ನಿಮ್ಮ ಮಗಳೇ ಸಾಕು."

ಉದ್ಧಟತನವೆಂದುಕೊಂಡು ಅಪ್ಪ ಎದ್ದು ಹೋದರು. ಮೆಟ್ಟಿಲ ಮೇಲೆ ಕೂತು ಕಂಪೌಂಡರು ನನಗೆ ಕುದಿಸುವುದನ್ನು ಕಲಿಸಿದರು. "ಬೆಳಗಿನ ಮೊದಲ್ನೇದು ಚೆಲ್ಲು. ಅರ್ಧ ಗಂಟೆ ಬಿಟ್ಟು ಎರಡನೇದು ನೋಡು. ಅದೇ ನಿನ್ನ ಈಗಿನ ಅವಸ್ಥೆ." ರಕ್ತ ನೋಡುವ ಯಂತ್ರ ಮನೆಗೆ ಬರುವವರೆಗೂ ಹಾಗೇ ಮಾಡಿದೆ, ಹಾಗೆ ಮಾಡಿಯೇ ಬದುಕಿದ್ದೇನೆ.

ಬಣ್ಣ ಕಾಣದವರು ಆ ಕೆಲಸದಲ್ಲಿ ಇರಬಾರದಿತ್ತು ಎಂಬ ನನ್ನ ವಾದದಲ್ಲಿ ಈಗಲೂ ತಪ್ಪಿಲ್ಲ.

ಕಳೆದ ವರ್ಷ ಅವರು ಹೊಸನಗರದ ತಂಗಿಯ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಂದ ಅಪ್ಪ ಚಪ್ಪಲಿ ಬಿಡುತ್ತಾ, "ಪಾಪಿ, ನಿನ್ನ ಕೊಂದೇ ಬಿಡ್ತಿದ್ದ" ಎಂದರು.

"ಹೌದಪ್ಪ" ಎಂದೆ.